ಎರಡೂ ಕಡೆಯ ವಕೀಲ

ಹೈಮಾ ಪೇಟೆಯೆಂದರೆ ಎರಡು ಪೆಟ್ರೋಲ್ ಬಂಕು,
ಒಂದು ಮಸೀದಿ, ಮಲಬಾರಿಯ ಹೋಟೆಲು,
ಪಂಚರ್ ಹಾಕುವವನು, ಆಮೇಲೆ ನಾನು.
ಗಂಗೊಳ್ಳಿಯವನು, ಬಿ.ಕಾಂ. ಎರಡು ಸಲ ಡುಮ್ಕಿ.
ಟೈಪಿಂಗ್ ಅಂಗಡಿಯಲ್ಲಿ ಸಂಬಳದ ಆಳು.
ಮಸ್ಕತ್ತಿಗೆ ಐನೂರು ಚಿಲ್ಲರೆ ಕಿಲೋಮೀಟರು;
ಕರಿ ನಿಲುವಂಗಿ ಕಾಣಬೇಕಾದರೆ
ಅಷ್ಟೂ ದೂರ ಉರಿಯಬೇಕು.

ಹಾಗಾಗಿ ಎಲ್ಲರಿಗೂ ನಾನೇ ವಕೀಲ್.
ಅಲ್ಲ ಮಾರಾಯ್ರೆ ಅಂದರೆ ಕೇಳುವವರಾರು?

ಆ ಪದ ಈ ಕಡೆಯಿಂದಲೇ ಪತ್ತೆಮಾರಿ ಹತ್ತಿ
ನಮ್ಮ ಕೋರ್ಟಿನ ಜಗಲಿಗೆ ಬಂದದ್ದಂತೆ.
ಒಂದೇ ಬರಲಿಲ್ಲ, ಸಂಸಾರ ಸಮೇತ ಬಂತು:
ಅರ್ಜಿ, ತಕರಾರು, ಹಕ್ಕು, ಬಾಕಿ,
ಅಸಲು, ನಕಲು, ಜಾಮೀನು, ತಾರೀಕು.
ಕುಂದಾಪುರ ಕೋರ್ಟಿನ ಹೊರಗೆ ಅಪ್ಪ
ಇವನ್ನೇ ಇಪ್ಪತ್ತು ವರ್ಷ ಎಲೆಯಡಿಕೆಯ ಹಾಗೆ ಅಗಿದರು,
ದೋಣಿ ಎಳೆಯುವಷ್ಟು ಅಗಲದ ಒಂದು ದಾರಿಗಾಗಿ.
ಅಲ್ಲಿ ಕಲ್ಲೆಸೆದರೆ ಇಬ್ಬರು ವಕೀಲರಿಗೆ ತಾಗುತ್ತಿತ್ತು.
ಇದು ಆ ಪದಗಳ ತವರು.
ಬಾಗಿಲು ತಟ್ಟಿದರೆ ಒಳಗೆ ಯಾರೂ ಇಲ್ಲ.

ಸೋಮವಾರ, ಅಂಗಡಿ ಗುಡಿಸುವ ಮೊದಲೇ
ನಸ್ರಾ ಬಿಂತ್ ಮುಸಲ್ಲಮ್ ಬಂದಳು.
ಮೇಜಿನ ಮೇಲೆ ಮೂಗುದಾರದ ಹಗ್ಗವಿಟ್ಟಳು.
ಅದರಲ್ಲಿ ಇನ್ನೂ ರೋಮವಿತ್ತು.
ಸಮ್ಹಾ ಎಂದು ಹೆಸರು, ಗಬ್ಬದ ಒಂಟೆ,
ರಾತ್ರಿ ನೀರಿನ ಟ್ಯಾಂಕರು ಹೊಡೆಯಿತು.
ಬೆಲೆ ಎಷ್ಟೆಂದು ಹಾಕಲಿ, ಅಮ್ಮ?
ಎಣಿಸಿದಳು, ಬಿಟ್ಟಳು, ಮತ್ತೆ ಎಣಿಸಿದಳು.
‘ನನ್ನ ಮಗನಿಗೆ ಬಾವಿಯ ದಾರಿ ತಪ್ಪಿದಾಗ
ಅವಳಿಗೆ ತಪ್ಪಿರಲಿಲ್ಲ. ಅದನ್ನು ಬರಿ.’
ಸಂಖ್ಯೆ ಮಾತ್ರ ಹಿಡಿಯುವ ಕಾಲಂ ಅದು.

ಅಸರ್ ನಮಾಜು ಮುಗಿದ ಮೇಲೆ
ಹುಲಕೋಟಿಯ ಮಾಬುಸಾಬ ನದಾಫ.
ಹುಬ್ಬಿನ ಮೇಲೆ ಪಟ್ಟಿ, ಕೈಯಲ್ಲಿ ಕಂಪನಿಯ ಕಾಗದ:
ಟ್ಯಾಂಕರ್ ರಿಪೇರಿಗೆ ಐದು ತಿಂಗಳ ಪಗಾರ ಮುರಕೊಳ್ಳುವುದಾಗಿ.
‘ಸರ, ಅದು ಕತ್ತಲಾಗ ಕತ್ತಲಿನಂಗ ನಿಂತಿತ್ರಿ.
ಇಲ್ಲೆ ವಕೀಲ್ರು ಯಾರರ ಅದಾರೇನ್ರಿ?’
ನಾನು ಕೀಬೋರ್ಡಿನ ಧೂಳು ಊದಿದೆ.

ಒಂದೇ ಕಂಪ್ಯೂಟರು. ಎರಡು ಫೈಲು.
ಒಂದರಲ್ಲಿ ಒಂಟೆ ರಸ್ತೆಯ ಅಂಚಿನಲ್ಲಿತ್ತು,
ಇನ್ನೊಂದರಲ್ಲಿ ನಟ್ಟನಡುವೆ.
ನಾನು ಆ ತಿರುವನ್ನು ನೋಡಿದವನೇ ಅಲ್ಲ.
ಎರಡಕ್ಕೂ ಒಂದೊಂದು ರಿಯಾಲು.

ಮಾರನೆಯ ದಿನ ಇಬ್ಬರೂ ಒಟ್ಟಿಗೆ ಬಂದುಬಿಟ್ಟರು,
ಅವನು ನಕಲು ಪ್ರತಿಗೆ, ಅವಳು ಹೆಬ್ಬೆಟ್ಟೊತ್ತಲು.
ಇರುವುದು ಒಂದೇ ಬೆಂಚು.
ಅವನು ಹಗ್ಗ ನೋಡಿದ. ಗೊತ್ತಾಯಿತು.
ಎದ್ದು ನಿಂತು ನನಗೆ ಹೇಳಿದ:
‘ಆಕಿಗೆ ಹೇಳ್ರಿ. ಅದರ ಜೀವ ಹೋಗೂಮಟ
ನಾ ಅಲ್ಲೇ ಕುಂತಿದ್ದೆ. ಪೈಪ್ ಹಚ್ಚಿ ನೀರ ಬಿಟ್ಟೆ ಬಾಯಿಗೆ.’
ನನ್ನ ಅರಬಿ ಅಂಗಡಿಯ ಅರಬಿ.
ನೀರು ಎಂಬುದು ಬರುತ್ತಿತ್ತು; ಬಾಯಿಯೂ ಬಂತು.

ಬುರ್ಖಾದ ಸಂದಿಯಲ್ಲಿ ಕಣ್ಣು ಅಲುಗಲಿಲ್ಲ.
‘ಕುಡಿದಳಾ?’
‘ಕುಡೀತ್ರಿ. ಸ್ವಲ್ಪ.’

ರಾಜಿ ಎಂಬ ಪದ ನನ್ನ ನಾಲಿಗೆಯ ತುದಿಗೆ ಬಂತು.
ಇಬ್ಬರಿಗೂ ಅನುವಾದವಿಲ್ಲದೆ ತಿಳಿಯುವ ಪದ.
ನುಂಗಿದೆ.
ರಾಜಿಗೆ ಕೂರಬೇಕಾದವರು ಈ ಬೆಂಚಿನಲ್ಲಿರಲಿಲ್ಲ;
ಅವರಿಗೆ ಮಸ್ಕತ್ತಿನಲ್ಲಿ ಮೂವರು ವಕೀಲರು,
ತಣ್ಣನೆಯ ಕೋಣೆ.

ಅವಳು ಹೆಬ್ಬೆಟ್ಟು ಒತ್ತಿದಳು. ಅವನು ಸಹಿ ಹಾಕಿದ,
ಕನ್ನಡದಲ್ಲಿ, ಶಾಲೆಯ ಹುಡುಗನ ದುಂಡು ಅಕ್ಷರ.
ಶಾಯಿಯ ಬೆರಳನ್ನು ಅವಳು ಒರೆಸಿದ್ದು ಆ ಹಗ್ಗಕ್ಕೇ.

ಸಂಜೆಯ ಬಸ್ಸಿಗೆ ಎರಡೂ ಲಕೋಟೆ ಕೊಟ್ಟೆ.
ಡ್ರೈವರ್ ತೂಗಿ ನೋಡಿದವನಂತೆ ಕೇಳಿದ:
‘ಇದರಲ್ಲಿ ಯಾವುದು ನಿನ್ನ ಕಡೆಯದು, ವಕೀಲ್?’

ಬಾಗಿಲು ಹಾಕು ಮಾರಾಯ ಅಂದೆ,
ಮರಳು ಬರ್ತದೆ.